ತಿಳಿನೀರಿನ ಪೂರ್ವಚರಿತ್ರೆ

ಹೊಸದಾಗಿ ಈಜುಕೊಳವನ್ನು ಕಟ್ಟಿಸಿಕೊಂಡ ಗೃಹಸ್ಥನಿಗೆ ಮೊದಲ ಕೆಲವು ದಿನಗಳ ಸಂತೋಷವು ದೊಡ್ಡದು. ನೀರು ಆಕಾಶದ ಬಣ್ಣವನ್ನು ತಳೆದು, ತಳದ ಹಾಸುಬಿಲ್ಲೆಗಳನ್ನು ಒಂದೊಂದಾಗಿ ಎಣಿಸಬಹುದೆಂಬಂತೆ ತೋರಿಸುತ್ತಿರುತ್ತದೆ. ಹದಿನೈದು ದಿನಗಳು ಕಳೆಯುವಷ್ಟರಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಆ ನೀರೇ ಅಕ್ಕಿ ತೊಳೆದ ಕಲಗಚ್ಚಿನಂತೆ ಮಸುಕಾಗಿ, ತಳವು ಕಣ್ಣಿಗೆ ಬೀಳದಂತಾಗಿರುವುದು. ಅಂಗಡಿಯವನು ಒಂದು ಪುಡಿಯನ್ನು ಹೇಳುವನು. ನೆರೆಯವರು ಇನ್ನೊಂದನ್ನು ಹೇಳುವರು. ಎರಡನ್ನೂ ಸುರಿದ ಮೇಲೆ ನೀರು ಮತ್ತಷ್ಟು ಬೆಳ್ಳಗಾದರೂ ಆಶ್ಚರ್ಯವಿಲ್ಲ. ತುಮಕೂರಿನ ಬಡಾವಣೆಗಳಲ್ಲಿಯೂ ಗುಬ್ಬಿ ಕುಣಿಗಲುಗಳ ತೋಟದ ಮನೆಗಳಲ್ಲಿಯೂ ಕೊಳ ಕಟ್ಟಿಸಿಕೊಳ್ಳುವವರಿಗೆ ಇದು ತೀರ ಹೊಸ ತೊಡಕೆಂದು ತೋರಬಹುದು. ಆದರೆ ಕದಡಿದ ನೀರನ್ನು ತಿಳಿಗೊಳಿಸುವುದೆಂತೆಂಬ ಪ್ರಶ್ನೆಯು ಈ ಸೀಮೆಯಲ್ಲಿ ಬಹು ಹಳೆಯದು. ನಮ್ಮ ಹಿರಿಯರು ಅದಕ್ಕೆ ಕಂಡುಕೊಂಡ ಉತ್ತರಗಳನ್ನೂ, ಆ ಉತ್ತರಗಳಲ್ಲಿ ಉಳಿದಿದ್ದ ಒಂದು ದೊಡ್ಡ ಕೊರತೆಯನ್ನೂ ತಿಳಿದುಕೊಂಡರೆ ಇಂದಿನವರಿಗೆ ಪ್ರಯೋಜನವಾದೀತೆಂದು ಈ ಲೇಖನವನ್ನು ಬರೆದಿದೆ.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವನ್ನು ಹೊಕ್ಕು, ಕಡೆಗೆ ಕಾವೇರಿಯನ್ನು ಸೇರುತ್ತದೆ. ಬೆಟ್ಟದಲ್ಲಿ ಬಂಡೆಯ ಬಿರುಕಿನಿಂದ ಒಸರುವಾಗ ನೀರು ನಿರ್ಮಲವಾಗಿರುವುದು. ಶ್ರೀರಾಮನು ಹಣೆಗೆ ನಾಮವನ್ನಿಡುವುದಕ್ಕೆ ನೀರು ಬೇಕಾಗಿ ಬಾಣವನ್ನೆಸೆದು ಬರಿಸಿದನೆಂದು ಹೇಳುವ ನಾಮದ ಚಿಲುಮೆಯು ಇಲ್ಲಿಯೇ ಇರುವುದು. ಆದರೆ ಬೆಟ್ಟವಿಳಿದು ಬಯಲಿಗೆ ಬಂದ ಮಳೆಯ ನೀರು ನಮ್ಮ ಕೆಮ್ಮಣ್ಣನ್ನು ಹೊತ್ತು ಕೆಂಪಾಗಿಯೇ ಹರಿಯುತ್ತದೆ. ಆ ನೀರನ್ನು ತಡೆದು ನಿಲ್ಲಿಸಿದ್ದೇ ಅದನ್ನು ತಿಳಿಗೊಳಿಸುವ ಮೊದಲನೆಯ ಉಪಾಯ.

ಕಡಬದ ಕೆರೆಯನ್ನು ಲಂಕೆಯಿಂದ ಹಿಂದಿರುಗುವಾಗ ಸೀತೆಯ ಕೋರಿಕೆಯಂತೆ ರಾಮನು ಕಟ್ಟಿಸಿದನೆಂಬ ಐತಿಹ್ಯವುಂಟು. ಕುಣಿಗಲಿನ ಕೆರೆಯಂತೂ ಜನಪದರ ಹಾಡಿನ ಮೂಲಕ ಕನ್ನಡ ನಾಡಿಗೆಲ್ಲ ಪರಿಚಿತವಾಗಿದೆ. ಕೆರೆಯು ಬೇಸಾಯಕ್ಕೆಂದೇ ಕಟ್ಟಿದ್ದಾದರೂ, ಹರಿಯುವ ನೀರನ್ನು ನಿಲ್ಲಿಸಿ ಮಣ್ಣಿಗೆ ಕೆಳಗಿಳಿಯಲು ಅವಕಾಶವನ್ನು ಕೊಡುವ ಒಂದು ದೊಡ್ಡ ಪಾತ್ರೆಯೂ ಹೌದು. ಹಾಗೆ ತಳದಲ್ಲಿ ನಿಂತ ಗೋಡನ್ನು ಬೇಸಿಗೆಯಲ್ಲಿ ತೆಗೆದು ಹೊಲಗಳಿಗೆ ಹೇರುವುದು ರೈತರ ರೂಢಿಯಾಗಿದ್ದಿತು. ಕೆರೆಯನ್ನು ಸುಸ್ಥಿತಿಯಲ್ಲಿಡುವುದಕ್ಕಾಗಿ ಬಿಟ್ಟ ಭೂಮಿಗೆ ಶಾಸನಗಳಲ್ಲಿ ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಹೆಸರುಗಳು ಕಾಣಬರುತ್ತವೆ. ತಳದ ಕೆಸರನ್ನು ತೆಗೆಯದೆ ಮೇಲಿನ ನೀರನ್ನು ಕಾಪಾಡಲಾಗದೆಂಬುದು ಆ ಕಾಲದವರಿಗೆ ಚೆನ್ನಾಗಿ ತಿಳಿದಿದ್ದಿತು. ಈಜುಕೊಳದ ಒಡೆಯರು ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೆ ಬರುತ್ತದೆ.

ಎಷ್ಟು ದಿನ ನಿಂತರೂ ತಾನಾಗಿ ಇಳಿಯದಷ್ಟು ಸಣ್ಣ ಮಣ್ಣು ನೀರಿನಲ್ಲಿ ಉಳಿದುಬಿಡುವುದುಂಟು. ಅದಕ್ಕೆ ನಮ್ಮ ಹೆಂಗಸರು ಬಳಸುತ್ತಿದ್ದುದು ಚಿಲ್ಲದ ಬೀಜ. ಗಡಿಗೆಯ ಒರಟಾದ ಒಳಮೈಗೆ ಬೀಜವನ್ನು ಸ್ವಲ್ಪ ಹೊತ್ತು ತೇದು, ಮೇಲೆ ನೀರನ್ನು ಹೊಯ್ದು ಅಲುಗಿಸದೆ ಬಿಟ್ಟರೆ ಮಣ್ಣೆಲ್ಲ ತಳಕ್ಕಿಳಿದು ನೀರು ತಿಳಿಯಾಗುವುದು. ಇದೇ ಸಂಸ್ಕೃತದ ಕತಕ. ಸುಶ್ರುತಸಂಹಿತೆಯು ಕಲುಷಿತ ಜಲವನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಹೆಸರಿಸುವಾಗ ಕತಕವನ್ನೇ ಮೊದಲಿಟ್ಟು, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ ಎಂದು ಎಣಿಸುತ್ತದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಬಾವಿಗೆ ಹಾಕತಕ್ಕ ಚೂರ್ಣವನ್ನು ವಿವರಿಸುತ್ತ, ಅಂಜನ, ಮುಸ್ತೆ, ಲಾವಂಚ, ನೆಲ್ಲಿಕಾಯಿ ಮುಂತಾದವುಗಳೊಡನೆ ಕತಕವನ್ನೂ ಸೇರಿಸಿರುವನು. ಕಾಳಿದಾಸನಿಗೆ ಇದು ಸಜ್ಜನಸಂಗಕ್ಕೆ ಉಪಮಾನವಾಯಿತು. ಆತ್ಮಬೋಧದಲ್ಲಿ, ಅಜ್ಞಾನವನ್ನು ಕಳೆದು ತಾನೂ ಕರಗುವ ಜ್ಞಾನಕ್ಕೆ ಉಪಮಾನವಾಯಿತು. ಮನುಸ್ಮೃತಿಯ ಆರನೆಯ ಅಧ್ಯಾಯದ ಮಾತಂತೂ ಕೊಳದ ಒಡೆಯರಿಗೇ ಹೇಳಿದಂತಿದೆ. ಕತಕಫಲವು ನೀರನ್ನು ತಿಳಿಗೊಳಿಸುವುದು ನಿಜವಾದರೂ, ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬುದು ಅದರ ಆಶಯ.

ಬೀಜದ ಈ ಗುಣಕ್ಕೆ ಕಾರಣವನ್ನು ಈಚಿನ ರಸಾಯನಶಾಸ್ತ್ರವು ತಿಳಿಸಿಕೊಟ್ಟಿದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟಿರುವ ಜೇಡಿಯ ಕಣವು ನಿಶ್ಚಲವಾದ ನೀರಿನಲ್ಲಿ ಒಂದು ಮೀಟರು ಕೆಳಗಿಳಿಯುವುದಕ್ಕೆ ಹತ್ತು ದಿನಗಳಿಗೂ ಮಿಗಿಲಾಗಿ ಹಿಡಿಯುವುದು. ಅದಕ್ಕಿಂತ ಸಣ್ಣವು ಇಳಿಯುವುದೇ ಇಲ್ಲವೆನ್ನಬಹುದು. ಈ ಕಣಗಳೆಲ್ಲ ಋಣವಿದ್ಯುತ್ತಿನ ಅಂಶವನ್ನು ಹೊಂದಿ ಒಂದನ್ನೊಂದು ದೂಡುತ್ತಿರುವುದರಿಂದ ಒಟ್ಟುಗೂಡಲಾರವು. ಚಿಲ್ಲದ ಬೀಜದಲ್ಲಿಯೂ ನುಗ್ಗೆಯ ಬೀಜದಲ್ಲಿಯೂ ಇರುವ ಕೆಲವು ಸತ್ವಗಳು ಈ ಕಣಗಳನ್ನು ಒಂದಕ್ಕೊಂದು ಹೆಣೆದು ಗಂಟುಗಳನ್ನಾಗಿ ಮಾಡುವುವು. ಗಂಟು ಭಾರವಾಗಿ ಇಳಿಯುವುದು. ಪಟಿಕವು ಮಾಡುವ ಕೆಲಸವೂ ಇದೇ. ನೀರಿನಲ್ಲಿ ಕರಗಿದ ಪಟಿಕದಿಂದ ಹತ್ತಿಯ ಎಳೆಯಂತಹ ಪದಾರ್ಥವೊಂದು ಹುಟ್ಟಿ, ಕೆಸರನ್ನು ತನ್ನೊಳಗೆ ಸಿಕ್ಕಿಸಿಕೊಂಡು ಕೆಳಗಿಳಿಯುತ್ತದೆ.

ಸುಶ್ರುತನ ಪಟ್ಟಿಯಲ್ಲಿ ಬಟ್ಟೆಯೂ ಇರುವುದನ್ನು ವಾಚಕರು ಗಮನಿಸಿರಬಹುದು. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ, ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ ಸುಮಾರು ಕ್ರಿ. ಶ. ೮೧೨ರ ತಾಮ್ರಶಾಸನವು ಜಿನಾಲಯಕ್ಕೆ ಗ್ರಾಮವನ್ನು ದಾನಮಾಡಿದ ಸಂಗತಿಯನ್ನು ತಿಳಿಸುತ್ತದೆ. ಜೈನಧರ್ಮದಲ್ಲಿ ನೀರನ್ನು ಶೋಧಿಸಿಯೇ ಕುಡಿಯಬೇಕೆಂಬ ನಿಯಮವುಂಟಷ್ಟೆ. ಕಣ್ಣಿಗೆ ಕಾಣದ ಜೀವಿಗಳಿಗೆ ಹಿಂಸೆಯಾಗಬಾರದೆಂಬುದು ಅದರ ಉದ್ದೇಶ. ಕುಡಿಯುವವನ ದೇಹರಕ್ಷಣೆಯು ಅದರಿಂದ ತಾನಾಗಿ ಒದಗಿದ ಫಲ. ಈ ಫಲವು ಎಂಥದೆಂಬುದನ್ನು ನಾರುಹುಣ್ಣಿನ ಇತಿಹಾಸವು ತೋರಿಸುತ್ತದೆ. ಜನರು ಮೆಟ್ಟಿಲಿಳಿದು ಕಾಲಿಟ್ಟು ನೀರು ತುಂಬುವ ಬಾವಿಗಳಿಂದಲೂ ಕೊಳಗಳಿಂದಲೂ ಈ ರೋಗವು ಹರಡುತ್ತಿದ್ದಿತು. ಕರ್ಣಾಟಕವೂ ಸೇರಿದಂತೆ ಹಲವು ಪ್ರಾಂತಗಳಲ್ಲಿ ಜನರು ಇದರಿಂದ ನರಳಿದರು. ಹುಳುವಿನ ಮರಿಯನ್ನು ಹೊತ್ತ ಸಣ್ಣ ಜಲಜೀವಿಯನ್ನು ಬಟ್ಟೆಯು ತಡೆಯುವುದರಿಂದ, ನೀರನ್ನು ಸೋಸಿ ಕುಡಿಯಿರೆಂಬ ಬೋಧನೆಯೇ ರೋಗನಿರ್ಮೂಲನದ ಮುಖ್ಯ ಸಾಧನಗಳಲ್ಲೊಂದಾಯಿತು. ೧೯೯೬ರಲ್ಲಿ ಭಾರತದ ಕಡೆಯ ರೋಗಿಯು ಕಾಣಿಸಿಕೊಂಡು, ೨೦೦೦ದಲ್ಲಿ ದೇಶವು ಈ ಪಿಡುಗಿನಿಂದ ಮುಕ್ತವಾಯಿತೆಂದು ಸಾರಲಾಯಿತು. ಬಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರನ್ನು ಸೋಸಿದುದರಿಂದ ಕಾಲರಾ ರೋಗವು ಶೇಕಡಾ ೪೮ರಷ್ಟು ತಗ್ಗಿತೆಂದು ೨೦೦೩ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸಿತು.

ಬಟ್ಟೆಗಿಂತ ಸೂಕ್ಷ್ಮವಾದ ಸೋಸುಕವು ಮರಳು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅದರ ಮರಳಿನಲ್ಲಿ ಒರತೆಯನ್ನು ತೋಡಿ ಕುಡಿಯುವ ನೀರನ್ನು ಪಡೆಯುವುದು ನಮ್ಮ ಜನರ ಹಳೆಯ ಪದ್ಧತಿ. ಪಾವಗಡ, ಮಧುಗಿರಿ, ಶಿರಾಗಳ ಕಡೆಯ ತಲಪರಿಗೆಗಳೂ ನೆಲದೊಳಗೆ ಹರಿದುಬಂದ ನೀರನ್ನೇ ಆಶ್ರಯಿಸಿದವು. ಈ ಪದ್ಧತಿಯನ್ನೇ ಶಾಸ್ತ್ರೀಯವಾಗಿ ದೊಡ್ಡ ಪ್ರಮಾಣದಲ್ಲಿ ಬಳಸಿದವರಲ್ಲಿ ನಮ್ಮವರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಒಬ್ಬರು. ಅವರು ಮುಂಬಯಿ ಸರ್ಕಾರದ ಸೇವೆಯಲ್ಲಿದ್ದಾಗ, ೧೮೯೫ರ ಸುಮಾರಿನಲ್ಲಿ, ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಸಿಂಧೂನದಿಯ ನೀರನ್ನು ಒದಗಿಸಬೇಕಾಯಿತು. ನದಿಯ ನೀರು ಬಗ್ಗಡ. ಸೋಸುವ ತೊಟ್ಟಿಗಳನ್ನು ಕಟ್ಟಿಸಲು ಪಟ್ಟಣದವರಲ್ಲಿ ಹಣ ಸಾಲದು. ಅವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿ, ಮರಳಿನ ಮೂಲಕ ತಾನಾಗಿ ಸೋಸಿ ಬಂದ ತಿಳಿನೀರನ್ನೇ ಮೇಲೆತ್ತಿಸಿದರು.

ಯೂರೋಪಿನಲ್ಲಿಯೂ ಮರಳಿನ ಚರಿತ್ರೆ ಹೀಗೆಯೇ ಬೆಳೆಯಿತು. ೧೮೨೯ರಲ್ಲಿ ಜೇಮ್ಸ್ ಸಿಂಪ್ಸನ್ ಎಂಬಾತನು ಲಂಡನ್ನಿನ ಚೆಲ್ಸೀ ಜಲಸಂಸ್ಥೆಗಾಗಿ ಥೇಮ್ಸ್ ನದಿಯ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಯಬಿಟ್ಟನು. ಆಗ ಬೇಕಾಗಿದ್ದುದು ನೋಟಕ್ಕೆ ತಿಳಿಯಾದ ನೀರು ಮಾತ್ರ. ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯನು ೧೮೮೪ರಲ್ಲಿ ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿಯೇ ಕಾಲರಾ ರೋಗಾಣುವನ್ನು ಕಂಡುಹಿಡಿದ ಮೇಲೆ ವಿಷಯವು ಗಂಭೀರವಾಯಿತು. ೧೮೯೨ರಲ್ಲಿ ಎಲ್ಬ್ ನದಿಯ ನೀರನ್ನು ಸೋಸದೆ ಕುಡಿದ ಹಾಂಬರ್ಗ್ ನಗರದಲ್ಲಿ ೮೬೦೦ರಷ್ಟು ಜನರು ಕಾಲರಾದಿಂದ ಮಡಿದರು. ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಉಳಿಯಿತು. ಮರಳಿನ ಮೇಲ್ಮೈಯಲ್ಲಿ ಬೆಳೆಯುವ ಜೀವಪದರವು ರೋಗಾಣುಗಳನ್ನೂ ತಡೆಯುವುದೆಂಬುದು ಆಗ ಸ್ಪಷ್ಟವಾಯಿತು. ತರುವಾಯ ೧೯೦೮ರಲ್ಲಿ ಅಮೆರಿಕದ ಜರ್ಸಿ ನಗರವು ತನ್ನ ನೀರಿಗೆ ಕ್ಲೋರಿನ್ನನ್ನು ನಿತ್ಯವೂ ಬೆರಸಲಾರಂಭಿಸಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ ೧೮೯೬ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ಬಂದಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ಒದಗಿತು. ೧೯೭೯ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ತರುವಾಯ ಹೇಮಾವತಿಯ ನೀರು ಕಾಲುವೆಯಲ್ಲಿ ನಮ್ಮ ಜಿಲ್ಲೆಗೂ ಬಂದಿದೆ. ಬುಗುಡನಹಳ್ಳಿಯ ಕೆರೆಯಲ್ಲಿ ಅದು ತಂಗಿ ತುಮಕೂರಿನ ಮನೆಗಳನ್ನು ಸೇರುತ್ತಿದೆ.

ಇಷ್ಟರಿಂದ ಒಂದು ಸಂಗತಿ ವಿಶದವಾಗುವುದು. ನೀರನ್ನು ಸರಿಪಡಿಸುವುದೆಂದರೆ ಒಂದು ಕೆಲಸವಲ್ಲ, ಮೂರು. ಇಳಿಸುವುದು, ಸೋಸುವುದು, ರೋಗಾಣುವನ್ನು ಕೊಲ್ಲುವುದು. ಮೊದಲಿನ ಎರಡನ್ನು ಹಿರಿಯರು ಬಲ್ಲವರಾಗಿದ್ದರು. ಮೂರನೆಯದರ ಅರಿವು ಬರುವ ತನಕ ತಿಳಿಯಾದ ನೀರೆಲ್ಲ ಶುದ್ಧವೆಂದೇ ಜನರು ನಂಬಿದರು; ಆ ನಂಬಿಕೆಗೆ ಅನೇಕ ಪ್ರಾಣಗಳು ಬಲಿಯಾದುವು. ಇಂದಿಗೂ ನಮ್ಮ ಜಿಲ್ಲೆಯ ಪಾವಗಡ, ಶಿರಾ ಮುಂತಾದ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರು ಗಾಜಿನಂತೆ ಹೊಳೆಯುತ್ತಿದ್ದರೂ, ಫ್ಲೋರೈಡು ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ಮೀರಿರುವ ಕಡೆಗಳಲ್ಲಿ ಅದು ಮಕ್ಕಳ ಹಲ್ಲಿಗೆ ಕಂದುಬಣ್ಣವನ್ನು ಹಚ್ಚುವುದು; ಹೆಚ್ಚಾದರೆ ಎಲುಬನ್ನೇ ಕೆಡಿಸುವುದು. ಮೂರನೆಯದನ್ನು ಮಾತ್ರ ನಂಬಿ ಮೊದಲಿನ ಎರಡನ್ನು ಅಲಕ್ಷಿಸಿದರೂ ಅಪಾಯವೇ. ೧೯೯೩ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ನೀರಿಗೆ ಕ್ಲೋರಿನ್ ಬೆರಸಿದ್ದಿತು. ಆದರೆ ಸೋಸುವ ಕಾರ್ಯವು ಕೆಟ್ಟು ನೀರು ಮಸುಕಾಗಿದ್ದಿತು. ಕ್ಲೋರಿನ್ನಿಗೆ ಬಗ್ಗದ ಒಂದು ಸೂಕ್ಷ್ಮಜೀವಿಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರು ಕಾಯಿಲೆ ಬಿದ್ದರೆಂದು ಅಂದಾಜು ಮಾಡಲಾಯಿತು.

ಈಗ ಕೊಳದ ಬಳಿಗೆ ಹಿಂದಿರುಗೋಣ. ಕೊಳವು ಮಸುಕಾದರೆ ಮೊದಲು ಮಾಡತಕ್ಕದ್ದು ಮನೆಯವರನ್ನು, ಮುಖ್ಯವಾಗಿ ಮಕ್ಕಳನ್ನು, ನೀರಿಗಿಳಿಯದಂತೆ ತಡೆಯುವುದು. ತಳವು ಕಾಣದ ನೀರಿನಲ್ಲಿ ಮುಳುಗಿದವರು ದಡದಲ್ಲಿ ನಿಂತವರ ಕಣ್ಣಿಗೂ ಬೀಳಲಾರರು. ಎರಡನೆಯದಾಗಿ ನೀರಿನ ಕ್ಷಾರಾಮ್ಲಗಳ ಅಳತೆಯನ್ನು ನೋಡಿ ೭.೨ರಿಂದ ೭.೮ರ ನಡುವೆ ತರಬೇಕು. ಇದು ಏರಿದಲ್ಲಿ ಕ್ಲೋರಿನ್ನಿನ ಶಕ್ತಿ ಕುಗ್ಗುವುದಲ್ಲದೆ, ನಮ್ಮ ಕೊಳವೆಬಾವಿಗಳ ಗಡಸುನೀರಿನಲ್ಲಿರುವ ಸುಣ್ಣದ ಅಂಶವು ಒಡೆದು ಬೆಳ್ಳಗೆ ತೇಲುವುದು. ಪುಡಿಯನ್ನು ಸುರಿದಷ್ಟೂ ಮಸುಕು ಹೆಚ್ಚಲು ಇದೂ ಒಂದು ಕಾರಣ. ಕ್ಲೋರಿನ್ ಹತ್ತು ಲಕ್ಷ ಪಾಲಿಗೆ ೧ರಿಂದ ೩ ಪಾಲಿನಷ್ಟು ಉಳಿದಿರಬೇಕು. ಆಮ್ಲವನ್ನೂ ಕ್ಲೋರಿನ್ ಪುಡಿಯನ್ನೂ ಎಂದಿಗೂ ಒಂದೇ ಪಾತ್ರೆಯಲ್ಲಿ ಕೂಡಿಸಕೂಡದು. ಅದರಿಂದೇಳುವ ವಿಷಾನಿಲವು ಪ್ರಾಣಕ್ಕೆ ಎರವಾಗಬಲ್ಲುದು. ಮೂರನೆಯದಾಗಿ ಸೋಸುವ ಯಂತ್ರವನ್ನು ಹಗಲಿರುಳೂ ನಡೆಸಿ, ಒತ್ತಡವು ಏರಿದಾಗ ಅದರ ಮರಳನ್ನು ಹಿಮ್ಮುಖವಾಗಿ ತೊಳೆಯಬೇಕು. ಅದರಿಂದಲೂ ನೀರು ತಿಳಿಯಾಗದಿದ್ದರೆ ಆಗ ಪಟಿಕ. ಅದನ್ನು ಕರಗಿಸಿ ಎಲ್ಲೆಡೆಗೂ ಬೆರೆಯುವಂತೆ ಹಾಕಿ, ಯಂತ್ರವನ್ನು ನಿಲ್ಲಿಸಿ, ಒಂದು ರಾತ್ರಿ ನೀರನ್ನು ಅಲುಗಿಸದೆ ಬಿಡಬೇಕು. ಬೆಳಗಾದ ಮೇಲೆ ತಳದ ಕೆಸರನ್ನು ಕೊಳವೆಯಿಂದ ಮೆಲ್ಲಗೆ ಹೀರಿ ಹೊರಗೆ ಚೆಲ್ಲಬೇಕಲ್ಲದೆ ಮತ್ತೆ ಸೋಸುಕದೊಳಗೆ ಬಿಡಕೂಡದು. ಪಟಿಕವು ನೀರನ್ನು ಆಮ್ಲದ ಕಡೆಗೆ ಎಳೆಯುವುದರಿಂದ ಕಡೆಯಲ್ಲಿ ಮತ್ತೊಮ್ಮೆ ಅಳತೆಯನ್ನು ನೋಡತಕ್ಕದ್ದು.

ಇದರಲ್ಲಿ ಹೊಸದೇನಿದೆ? ನಿಶ್ಚಲವಾದ ಕೊಳದಲ್ಲಿ ಒಂದು ರಾತ್ರಿ ಕಾಯುವುದು ಕೆರೆಯ ಕ್ರಮ; ಪಟಿಕವು ಚಿಲ್ಲದ ಬೀಜದ ಕ್ರಮ; ಯಂತ್ರದೊಳಗಿನ ಮರಳು ಶಿಂಷೆಯ ಒರತೆಯ ಕ್ರಮ; ತಳದ ಕೆಸರನ್ನು ಹೊರಹಾಕುವುದು ಗೋಡು ತೆಗೆಯುವ ರೈತನ ಕ್ರಮ. ಕ್ಲೋರಿನ್ ಒಂದೇ ಈಚಿನದು. ಹಿಂದಿನದನ್ನು ಬಿಟ್ಟು ಈಚಿನದೊಂದನ್ನೇ ನೆಚ್ಚುವುದೂ, ಈಚಿನದನ್ನು ತಿರಸ್ಕರಿಸಿ ಕಣ್ಣಿನ ಸಾಕ್ಷಿಯನ್ನೇ ನಂಬುವುದೂ ಎರಡೂ ತಪ್ಪು. ಮನೆಯ ಕೊಳವೊಂದನ್ನು ತಿಳಿಯಾಗಿಡಲು ಇಷ್ಟು ಶ್ರಮಪಡುವ ಗೃಹಸ್ಥರು ಊರಿನ ಕೆರೆಯ ಗೋಡನ್ನೂ, ಅದಕ್ಕೆ ಬಂದು ಬೀಳುವ ಚರಂಡಿಯನ್ನೂ ಒಮ್ಮೆ ಹೋಗಿ ನೋಡುವುದಾದರೆ ಕುಣಿಗಲಿನ ಹಾಡಿಗೂ ಕಡಬದ ಐತಿಹ್ಯಕ್ಕೂ ತಕ್ಕ ಗೌರವವನ್ನು ಸಲ್ಲಿಸಿದಂತಾಗುವುದು.