ಚೆಕ್‌ರೋಲಿನಿಂದ ಸೇತುಬಂಧದವರೆಗೆ: ಕಾಫಿ ಸೀಮೆಯ ಎಂಟನೇ ಕ್ಲಾಸಿನ ಇಂಗ್ಲಿಷು

ಜೂನ್ ಬಂತೆಂದರೆ ಮೂಡಿಗೆರೆ, ಕಳಸದ ಕಡೆ ಶಾಲೆಯೂ ಮಳೆಯೂ ಜೊತೆಜೊತೆಗೇ ಶುರು. ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮಕ್ಕಳು ಒದ್ದೆ ಕೊಡೆಗಳನ್ನು ಜಗಲಿಯಲ್ಲಿ ಸಾಲಾಗಿ ಬಿಟ್ಟು ಒಳಗೆ ಬಂದರೆ ಅಲ್ಲಿ ಹೊಸ ಪಾಠ ಇರುವುದಿಲ್ಲ. ಮೊದಲು ‘ಸೇತುಬಂಧ’. ಹಿಂದೆ ಕಲಿತದ್ದರಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ನೈದಾನಿಕ ಪರೀಕ್ಷೆ, ಎಡವಿದಲ್ಲಿ ಪರಿಹಾರ ಬೋಧನೆ, ಕಡೆಗೆ ಸಾಫಲ್ಯ ಪರೀಕ್ಷೆ. ಇಂಗ್ಲಿಷಿನ ಮೇಷ್ಟ್ರು ಸಾಮರ್ಥ್ಯಗಳ ಪಟ್ಟಿ ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತಾ ಹೋಗುತ್ತಾರೆ: ಕೇಳಿ ಅರ್ಥ ಮಾಡಿಕೊಳ್ಳುತ್ತಾನೆಯೇ, ತಡವರಿಸದೆ ಓದುತ್ತಾಳೆಯೇ, ನಾಲ್ಕು ವಾಕ್ಯ ಸ್ವಂತವಾಗಿ ಬರೆಯಬಲ್ಲರೇ?

ಹೈಸ್ಕೂಲಿನ ಮೊದಲ ವರ್ಷದ ಮಗುವಿಗೆ ಇಂಗ್ಲಿಷಿನಲ್ಲಿ ಏನು ಬರಬೇಕು ಎಂಬ ಈ ಪ್ರಶ್ನೆ ಹೊಸದಲ್ಲ. ಆದರೆ ಪಟ್ಟಿ ಮಾತ್ರ ತಲೆಮಾರಿಗೊಮ್ಮೆ ಬದಲಾಗುತ್ತಲೇ ಬಂದಿದೆ.

ಈ ಗುಡ್ಡಗಳಲ್ಲಿ ಬಹಳ ಜನರ ಬಾಯಿಗೆ ಇಂಗ್ಲಿಷು ಶಾಲೆಗಿಂತ ಮೊದಲು ತೋಟದ ದಾರಿಯಲ್ಲಿ ಬಂತು. ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬುದು ಐತಿಹ್ಯ. ದೊಡ್ಡ ತೋಟಗಳ ಕಾಲ ಶುರುವಾದದ್ದು 1840ರ ಸುಮಾರಿಗೆ, ಕ್ಯಾನನ್ ಎಂಬ ದೊರೆ ಚಿಕ್ಕಮಗಳೂರಿನ ಬೆಟ್ಟದಲ್ಲಿ ಕಾಫಿ ಹಾಕಿದ ಮೇಲೆ. ಆಗಿನ ಕಾಫಿ ತಳಿಗೆ ಊರಿನ ಹೆಸರನ್ನೇ ಮೊಟಕು ಮಾಡಿ ‘ಚಿಕ್’ ಎಂದು ಕರೆದರು. ಕಾಂಡಕೊರಕ ಮತ್ತು ಎಲೆ ತುಕ್ಕು ರೋಗಕ್ಕೆ ಸಿಕ್ಕಿ ಆ ತಳಿ ಹಾಳಾಯಿತು. ಆಮೇಲೆ ‘ಕೂರ್ಗ್’ ಬಂತು, ‘ಕೆಂಟ್ಸ್’ ಬಂತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಿಂದ ‘ಎಸ್. 795’ ಬಂತು. ಇಂಗ್ಲಿಷಿನ ಒಂದಕ್ಷರ ಓದಲು ಬಾರದ ಮುದುಕನೂ ಈ ಗಿಡವನ್ನು ‘ಸೆವೆನ್ ನೈನ್ ಫೈವ್’ ಎಂದೇ ಗುರುತಿಸುತ್ತಾನೆ.

ಗಿಡದ ಹಿಂದೆಯೇ ಮಾತುಗಳೂ ಬಂದವು. ಬೆಳಿಗ್ಗೆ ಮಸ್ಟರು, ಹಾಜರಿಗೆ ಚೆಕ್‌ರೋಲು, ಇರಲು ಲೈನು, ಲೆಕ್ಕಕ್ಕೆ ರೈಟರು. ಹಣ್ಣು ಸುಲಿಯಲು ಪಲ್ಪರ್, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್, ಹಾಗೇ ಒಣಗಿಸಿದರೆ ಚೆರಿ, ನೆರಳಿಗೆ ಸಿಲ್ವರ್ ಮರ. ‘ಮೇಸ್ತ್ರಿ’ ಪೋರ್ಚುಗೀಸರ ಕಡೆಯಿಂದ ಇನ್ನೂ ಮುಂಚೆ ಬಂದವನು. ಈ ಮಾತುಗಳನ್ನು ಯಾವ ಮೇಷ್ಟ್ರೂ ಕಲಿಸಲಿಲ್ಲ, ಯಾರೂ ಪರೀಕ್ಷೆ ಮಾಡಲಿಲ್ಲ. ಕನ್ನಡ, ತುಳು, ತಮಿಳು ಆಡುವ ಕೆಲಸಗಾರರೆಲ್ಲ ತಂತಮ್ಮ ನಾಲಿಗೆಗೆ ಹೊಂದುವಂತೆ ಅವನ್ನು ತಿರುಚಿಕೊಂಡರು.

ಶಾಲೆಯ ಇಂಗ್ಲಿಷು ಬೇರೆ ದಾರಿಯಲ್ಲಿ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದರು. ಇಂಗ್ಲಿಷ್ ಶಿಕ್ಷಣದ ಪರ ವಾದಿಸಿದ ಮೆಕಾಲೆಯ ಟಿಪ್ಪಣಿ ಹೊರಬಿದ್ದದ್ದು ಅದಾದ ಎರಡು ವರ್ಷಕ್ಕೆ. ಶಾಸನಗಳ ರೈಸ್ ಎಂದೇ ನಾಡು ನೆನೆಯುವ ಬಿ. ಎಲ್. ರೈಸ್ ಶಿಕ್ಷಣ ಇಲಾಖೆಯಲ್ಲಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆಯ ಯೋಜನೆ ಹೊರಟಿತು. ಅವು ಕನ್ನಡ ಶಾಲೆಗಳು. ಇಂಗ್ಲಿಷು ಬೇಕೆಂದರೆ ಪೇಟೆಗೆ ಹೋಗಿ, ನೆಂಟರ ಮನೆಯಲ್ಲೋ ವಾರಾನ್ನದಲ್ಲೋ ಉಳಿದು ಓದಬೇಕಿತ್ತು. ಆಗ ಕಡೂರು ಜಿಲ್ಲೆ ಎನ್ನಿಸಿಕೊಂಡಿದ್ದ ಈ ಸೀಮೆಯ ಮಲೆನಾಡಿನ ಹಳ್ಳಿಗಳಿಗೆ ಪೇಟೆಯೆಂದರೆ ಹೊಳೆ ದಾಟಿ, ಗಾಡಿ ಹತ್ತಿ ಸೇರುವ ದೂರ.

ಮಿಡಲ್ ಸ್ಕೂಲಿನ ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆ ದಾಟಿದವನು ಹೈಸ್ಕೂಲಿನ ಮೊದಲ ವರ್ಷಕ್ಕೆ, ಅಂದರೆ ಫೋರ್ತ್ ಫಾರಂಗೆ, ಕಾಲಿಡುತ್ತಿದ್ದ. ಅಲ್ಲಿ ಇಂಗ್ಲಿಷು ಒಂದು ಪಾಠವಾಗಿ ಉಳಿಯದೆ ಎಲ್ಲ ಪಾಠಗಳ ಬಾಗಿಲಾಗುತ್ತಿತ್ತು. ಚರಿತ್ರೆ, ಗಣಿತ, ವಿಜ್ಞಾನ ಎಲ್ಲವೂ ಅದರಲ್ಲೇ. ಹಾಗಾಗಿ ಮೊದಲ ವರ್ಷದ ನಿರೀಕ್ಷೆ ಭಾರವಾಗಿತ್ತು: ಪದ್ಯ ಬಾಯಿಪಾಠ, ಉಕ್ತಲೇಖನ, ವಾಕ್ಯ ಬಿಡಿಸಿ ವ್ಯಾಕರಣ ಹೇಳುವುದು, ಕನ್ನಡದಿಂದ ಇಂಗ್ಲಿಷಿಗೆ ತರ್ಜುಮೆ. ಗುರಿ ಮಾತ್ರ ಸರಳ. ಪಾಸಾದರೆ ಗುಮಾಸ್ತೆ, ಅಮಲ್ದಾರರ ಕಚೇರಿ, ಮೇಷ್ಟ್ರ ಕೆಲಸ, ಇಲ್ಲವೇ ತೋಟದ ರೈಟರು. ಚೆಕ್‌ರೋಲು ಬರೆಯುವ ದುಂಡಗಿನ ಕೈಬರಹಕ್ಕೂ ಬೆಲೆಯಿತ್ತು.

ಅದೇ ಕಾಲದ ಶಾಲೆ ಬೇರೊಂದು ಫಲವನ್ನೂ ಕೊಟ್ಟಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿ, ತೀರ್ಥಹಳ್ಳಿಯಲ್ಲಿ ಓದಿ, ಹೈಸ್ಕೂಲಿಗೆಂದು ಮೈಸೂರು ಸೇರಿದ ಹುಡುಗ ಇಂಗ್ಲಿಷಿನಲ್ಲೇ ಕವಿತೆ ಬರೆಯತೊಡಗಿದ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಸಂಕಲನವೂ ಬಂತು. ಪಾಠಪಟ್ಟಿ ಕೇಳಿದ್ದಕ್ಕಿಂತ ಹೆಚ್ಚನ್ನೇ ಮಾಡಿ ತೋರಿಸಿದ ವಿದ್ಯಾರ್ಥಿ ಅವನು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದರು. ಕುವೆಂಪು ಬರೆದರು. ಅವರ ಮಗ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ, ಕೆನೆತ್ ಆಂಡರ್ಸನ್‌ನ ಶಿಕಾರಿ ಕಥೆಗಳನ್ನು ಕನ್ನಡಕ್ಕೆ ತಂದರು. ದೊರೆಗಳ ಭಾಷೆಯ ಕಾಡು ಈ ತೋಟದ ಮನೆಯಿಂದ ಕನ್ನಡದ ಕಾಡಾಗಿ ಹೊರಬಂತು.

ಸ್ವಾತಂತ್ರ್ಯಾನಂತರ ಕನ್ನಡ ಮಾಧ್ಯಮ ಹರಡಿ, ಇಂಗ್ಲಿಷು ಹಲವು ಪಾಠಗಳಲ್ಲಿ ಒಂದಾಯಿತು. ಬಹುಕಾಲ ಅದು ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿನಲ್ಲಿ. ಎಂಟಕ್ಕೆ ಬರುವಾಗ ಮಗುವಿಗೆ ಬರೀ ಮೂರು ವರ್ಷದ ಪರಿಚಯ. ಈ ಮಗುವಿಗೆ ಷೇಕ್ಸ್‌ಪಿಯರ್ ಬೇಡ, ಎಣಿಸಿ ಆರಿಸಿದ ಪದಗಳೂ ವಾಕ್ಯರಚನೆಗಳೂ ಸಾಕು ಎಂಬ ‘ಸ್ಟ್ರಕ್ಚರಲ್’ ಪದ್ಧತಿ 1950ರ ದಶಕದಿಂದ ದಕ್ಷಿಣದಲ್ಲಿ ಹಬ್ಬಿತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿ, ಮೇಷ್ಟ್ರುಗಳ ತರಬೇತಿ ನಡೆಯಿತು. ಮೇಷ್ಟ್ರು ಬಾಗಿಲ ಕಡೆ ನಡೆಯುತ್ತಾ ‘ಐ ಆಮ್ ಗೋಯಿಂಗ್ ಟು ದ ಡೋರ್’ ಎನ್ನುವುದು, ಮಕ್ಕಳು ಒಟ್ಟಾಗಿ ಅದನ್ನೇ ಹೇಳುವುದು ಆ ಕಾಲದ ಕ್ಲಾಸಿನ ಗುರುತು.

ಅದೇ ಬೆಂಗಳೂರಿನ ಸಂಸ್ಥೆಯಿಂದ ಇದಕ್ಕೆ ಎದುರು ಮಾತೂ ಎದ್ದಿತು. ಎನ್. ಎಸ್. ಪ್ರಭು ಮತ್ತು ಸಂಗಡಿಗರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಮೊದಲಾದೆಡೆ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಹೇಳಿಕೊಡುವುದಿಲ್ಲ, ರೈಲಿನ ವೇಳಾಪಟ್ಟಿ, ನಕ್ಷೆ ಮುಂದಿಟ್ಟು ಲೆಕ್ಕ ಬಿಡಿಸಲು ಹೇಳುವುದು. ಯಾವ ಗಾಡಿ ಹತ್ತಿದರೆ ಬೇಗ ತಲುಪಬಹುದು? ಉತ್ತರ ಹುಡುಕುವ ಭರದಲ್ಲಿ ಭಾಷೆ ತಾನಾಗಿ ಅಂಟಿಕೊಳ್ಳಬೇಕು. ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದು ಭಾಷಾಬೋಧನೆಯ ಜಗತ್ತಿನಲ್ಲೆಲ್ಲ ಹೆಸರಾದ ಈ ಪ್ರಯೋಗ ಕಾಫಿ ಬೆಟ್ಟಕ್ಕೆ ಬಂದಿದ್ದರೆ ರೈಲಿನ ಬದಲು ಬಸ್ಸಿನ ವೇಳಾಪಟ್ಟಿ ಬೇಕಾಗುತ್ತಿತ್ತು. ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ. ಕಳಸಕ್ಕೆ ಇಂದಿಗೂ ಬಸ್ಸೇ ಗತಿ.

ಪ್ರಯೋಗ ನಡೆಯುತ್ತಿದ್ದ ವರ್ಷಗಳಲ್ಲೇ ಬೀದಿಯಲ್ಲಿ ಬೇರೆಯೇ ಚರ್ಚೆ ಎದ್ದಿತ್ತು. 1980ರಲ್ಲಿ ನೇಮಕಗೊಂಡ ಗೋಕಾಕ್ ಸಮಿತಿ ಮರುವರ್ಷ ವರದಿ ಕೊಟ್ಟು, ಹೈಸ್ಕೂಲಿನಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಎಂದಿತು. ವರದಿಯ ಜಾರಿಗಾಗಿ ಎದ್ದ ಚಳವಳಿ ನಟ ರಾಜ್‌ಕುಮಾರ್ ಇಳಿದ ಮೇಲೆ ಇಡೀ ನಾಡಿನದಾಯಿತು. ಇಂದು ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ದ್ವಿತೀಯ ಭಾಷೆಗೆ 100. ಸರ್ಕಾರಿ ಕನ್ನಡ ಶಾಲೆಯ ಮಗುವಿಗೆ ಆ ನೂರು ಇಂಗ್ಲಿಷಿನದು. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಶುರುವಾಯಿತು. ಆ ಮೊದಲ ತಂಡ 2014ರಲ್ಲಿ ಎಂಟಕ್ಕೆ ಬಂದಾಗ, ಮೂರು ವರ್ಷದ ಬದಲು ಏಳು ವರ್ಷದ ಇಂಗ್ಲಿಷು ಬೆನ್ನಿಗಿತ್ತು. ನಿರೀಕ್ಷೆಯೂ ಅಷ್ಟೇ ಏರಿತು.

ಈಚಿನ ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಹೆಮಿಂಗ್ವೆಯ ‘ಎ ಡೇಸ್ ವೇಟ್’ ಕಥೆಯಿದೆ. ಜ್ವರ ಬಂದ ಹುಡುಗನ ಮೈಬಿಸಿ 102 ಎಂದು ಡಾಕ್ಟರು ಹೇಳುತ್ತಾರೆ. 44 ಡಿಗ್ರಿ ದಾಟಿದರೆ ಬದುಕುವುದಿಲ್ಲವೆಂದು ಫ್ರಾನ್ಸಿನ ಶಾಲೆಯಲ್ಲಿ ಕೇಳಿದ್ದ ಹುಡುಗ ಇಡೀ ದಿನ ಸಾವಿಗೆ ಕಾಯುತ್ತಾನೆ. ಸೆಲ್ಸಿಯಸ್ ಬೇರೆ, ಫ್ಯಾರನ್‌ಹೀಟ್ ಬೇರೆ ಎಂದು ಅಪ್ಪ ಬಿಡಿಸಿ ಹೇಳುವುದು ಸಂಜೆಗೆ. ಕಾಫಿ ಸೀಮೆಯ ಮಕ್ಕಳಿಗೆ ಇದನ್ನು ವಿವರಿಸಲು ಮೇಷ್ಟ್ರು ದೂರ ಹೋಗಬೇಕಿಲ್ಲ. ತೋಟದ ಮನೆಯ ಡೈರಿಯಲ್ಲಿ ಮಳೆ ಇಂದಿಗೂ ಇಂಚು, ಸೆಂಟಿನಲ್ಲಿ. ಶಾಲೆಯ ಪುಸ್ತಕದಲ್ಲಿ ಮಿಲಿಮೀಟರಿನಲ್ಲಿ. ಅಜ್ಜನ ನಾಲ್ಕಿಂಚು ಮೊಮ್ಮಗಳ ನೂರಾ ಎರಡು ಮಿಲಿಮೀಟರು ಎಂದರೆ ಕ್ಲಾಸಿಗೆ ಅರ್ಥವಾಗುತ್ತದೆ.

ಅದೇ ಪುಸ್ತಕದಲ್ಲಿ ಎ. ಎಲ್. ಹೆಂಡ್ರಿಕ್ಸ್‌ನ ‘ಜಮೈಕನ್ ಫ್ರಾಗ್ಮೆಂಟ್’ ಕೂಡ ಇದೆ. ಬಿಳಿಯ ಹುಡುಗ ಆಜ್ಞೆ ಮಾಡುತ್ತಾನೆ, ಕಪ್ಪು ಹುಡುಗ ಓಡಿ ಓಡಿ ಮಾಡುತ್ತಾನೆ. ನೋಡುತ್ತಿದ್ದ ಕಪ್ಪು ಮನುಷ್ಯನ ಮನಸ್ಸು ಕುದಿಯುತ್ತದೆ. ಮರುದಿನ ನೋಡಿದರೆ ಕಪ್ಪು ಹುಡುಗನೇ ದೊರೆ, ಬಿಳಿಯ ಹುಡುಗ ಆಳು. ಅದು ಅವರ ಆಟ. ಜಮೈಕವೂ ಕಾಫಿ ಬೆಳೆಯುವ, ದೊರೆಗಳನ್ನು ಕಂಡ ನೆಲವೇ. ಸೋಮವಾರ ಮಸ್ಟರಿಗೆ ಹೋಗುವ ಅಮ್ಮನ ಮಗಳೂ ತೋಟದ ಒಡೆಯರ ಮಗನೂ ಒಂದೇ ಬೆಂಚಿನಲ್ಲಿ ಕೂತ ಕ್ಲಾಸಿದ್ದರೆ, ಪಾಠದ ಕೆಳಗಿನ ಪ್ರಶ್ನೆಗಳಿಗಿಂತ ಹೆಚ್ಚಿನ ಪ್ರಶ್ನೆಗಳು ಅಲ್ಲೇ ಕಾದಿರುತ್ತವೆ.

ಕಲಿಕಾ ಫಲಗಳ ಪಟ್ಟಿಯಲ್ಲಿ ಅವಕ್ಕೆ ಕಲಂ ಇಲ್ಲ. ಮೇಷ್ಟ್ರು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ತುಂಬಬೇಕು, ಸೇತುಬಂಧದ ದಾಖಲೆ ಮುಗಿಸಬೇಕು, ಜುಲೈ ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ರಜೆ ಸಾರುವುದರೊಳಗೆ ಮೊದಲ ಪಾಠವನ್ನಾದರೂ ದಾಟಿಸಬೇಕು. ಹಂಚಿನ ಮೇಲೆ ಮಳೆಯ ಸದ್ದು ಏರಿದಾಗ ಓದುವವರ ದನಿಯೂ ಏರುತ್ತದೆ.