ತಾಳವಾಡಿ ಬೆಟ್ಟಸೀಮೆ: ಪರಕೀಯ ಆಳ್ವಿಕೆ ಮತ್ತು ಸ್ವಾತಂತ್ರ್ಯ

ತಾಳವಾಡಿ: ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ, ಚಾಮರಾಜನಗರ ಜಿಲ್ಲೆಗೆ ಅಂಟಿಕೊಂಡಿರುವ ಕನ್ನಡ ಸೀಮೆ. ನಟ ರಾಜ್‌ಕುಮಾರ್ ಅವರ ಗಾಜನೂರು ಇಲ್ಲಿದೆ. ಮೈಸೂರಿನ ಒಡೆಯರು, ಹೈದರ್ ಅಲಿ, ಟಿಪ್ಪು ಸುಲ್ತಾನ್ ಈ ಭಾಗವನ್ನು ಆಳಿದರು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೇನೆ ಗಜಲಹಟ್ಟಿ ಕಣಿವೆಯಿಂದ ಇಳಿದು, ಸತ್ಯಮಂಗಲದ ಬಳಿ ಬ್ರಿಟಿಷ್ ಸೇನಾಧಿಕಾರಿ ಫ್ಲಾಯ್ಡ್‌ನ ಈಸ್ಟ್ ಇಂಡಿಯಾ ಕಂಪನಿ ಪಡೆಯನ್ನು ಎದುರಿಸಿ ಹಿಮ್ಮೆಟ್ಟುವಂತೆ ಮಾಡಿತು.

1799ರಲ್ಲಿ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣ ಪತನವಾದ ಮೇಲೆ, ತಾಳವಾಡಿ ಸೇರಿದ್ದ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಮೈಸೂರು ರಾಜ್ಯ ಒಡೆಯರಿಗೆ ಮರಳಿತು. ಕನ್ನಡದ ನೆರೆಹೊರೆ ಹೀಗೆ ಎರಡು ಆಡಳಿತಗಳಿಗೆ ಹಂಚಿಹೋಯಿತು. 1947ರ ಆಗಸ್ಟ್ 15ರಂದು ಬ್ರಿಟಿಷ್ ಆಳ್ವಿಕೆ ಕೊನೆಗೊಂಡರೂ ಗಡಿ ಉಳಿಯಿತು. 1956ರ ನವೆಂಬರ್ 1ರಂದು ನೆರೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ತಾಳವಾಡಿ ಸೇರಿರುವ ಈಗಿನ ಈರೋಡು ಜಿಲ್ಲೆ ರಚನೆಯಾಯಿತು. ರಾಜ್ಯ ಬೇರೆಯಾದರೂ ಇಲ್ಲಿನ ಜನ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವುದು ಗೌರವಕ್ಕೆ ಅರ್ಹವಾದ ಸಾಧನೆ.