ಜಿಬ್ಬರೆಲಿನ್

ಗಿಡದ ಎತ್ತರ, ಬೀಜದ ಮೊಳೆಯುವಿಕೆ, ಹೂ ಬಿಡುವ ಹೊತ್ತು, ಕಾಯಿಯ ಗಾತ್ರ ಇವುಗಳ ಮೇಲೆ ಹಿಡಿತವಿರುವ ಸಸ್ಯ ಹಾರ್ಮೋನುಗಳ ಗುಂಪು. 130ಕ್ಕೂ ಹೆಚ್ಚು ಜಿಬ್ಬರೆಲಿನ್‌ಗಳನ್ನು ಗುರುತಿಸಲಾಗಿದೆ. ಆದರೆ ನೇರವಾಗಿ ಕೆಲಸ ಮಾಡುವವು ಜಿಎ1, ಜಿಎ3, ಜಿಎ4, ಜಿಎ7ರಂಥ ಕೆಲವೇ ಕೆಲವು. ಉಳಿದವು ಅವುಗಳ ತಯಾರಿಕೆಯ ನಡುಹಂತಗಳು ಅಥವಾ ಸತ್ವ ಕಳೆದುಕೊಂಡ ರೂಪಗಳು. ಹೆಚ್ಚಾದಾಗ ರೋಗವೆನಿಸಿ ಮನುಷ್ಯನ ಕಣ್ಣಿಗೆ ಬಿದ್ದ ಈ ವಸ್ತು ಅವನ ಹೊಟ್ಟೆ ತುಂಬಿಸಿದ್ದು ಬಹುಮಟ್ಟಿಗೆ ಕಡಿಮೆಯಾದಾಗ.

ಜಪಾನಿನ ಭತ್ತದ ಸಸಿಮಡಿಗಳಲ್ಲಿ ಕೆಲವು ಸಸಿಗಳು ಉಳಿದವನ್ನು ಮೀರಿ ಉದ್ದವಾಗಿ, ತೆಳ್ಳಗೆ, ಬಿಳಿಚಿಕೊಂಡು ಬೆಳೆಯುತ್ತಿದ್ದವು. ಹಲವು ಬೇಗ ಸಾಯುತ್ತಿದ್ದವು, ಬದುಕಿದವು ಜೊಳ್ಳಾಗುತ್ತಿದ್ದವು. ರೈತರು ಇವನ್ನು ‘ಬಕಾನೆ’, ಅಂದರೆ ಪೆದ್ದು ಸಸಿ, ಎನ್ನುತ್ತಿದ್ದರು. ಇದಕ್ಕೆ ಶಿಲೀಂಧ್ರವೊಂದು ಕಾರಣವೆಂದು 19ನೆಯ ಶತಮಾನದ ಕೊನೆಗೇ ತಿಳಿದಿತ್ತು. ಆಗ ಜಪಾನಿನ ವಶದಲ್ಲಿದ್ದ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಸಸ್ಯರೋಗತಜ್ಞ ಎಯಿಚಿ ಕುರೊಸಾವಾ 1926ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಶಿಲೀಂಧ್ರ ಬೆಳೆಸಿದ ದ್ರವವನ್ನು ಸೋಸಿ, ಶಿಲೀಂಧ್ರವಿಲ್ಲದ ಆ ನೀರನ್ನೇ ಕೊಟ್ಟಾಗಲೂ ಸಸಿಗಳು ಉದ್ದವಾದವು. ಅಂದರೆ ಎತ್ತರದ ಗುಟ್ಟು ಸೋಂಕಿನಲ್ಲಲ್ಲ, ಶಿಲೀಂಧ್ರ ಸ್ರವಿಸುವ ರಾಸಾಯನಿಕದಲ್ಲಿತ್ತು. ರಸಾಯನವಿಜ್ಞಾನಿ ತೇಜಿರೊ ಯಬುತಾ 1935ರಲ್ಲಿ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟ. 1938ರಲ್ಲಿ ಅದರ ಹರಳುಗಳು ದೊರೆತವು. ಪಶ್ಚಿಮದ ಪ್ರಯೋಗಾಲಯಗಳು ಇದರತ್ತ ಗಂಭೀರವಾಗಿ ತಿರುಗಿದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಆರೋಗ್ಯವಂತ ಗಿಡಗಳೂ ಇದನ್ನು ತಾವೇ ತಯಾರಿಸಿಕೊಳ್ಳುತ್ತವೆಂಬುದು 1958ರಲ್ಲಿ ಅವರೆಯ ಸಂಬಂಧಿಯಾದ ಒಂದು ಹುರುಳಿಕಾಯಿ ಜಾತಿಯ ಎಳೆಬೀಜಗಳಿಂದ ಖಚಿತವಾಯಿತು. ಶಿಲೀಂಧ್ರ ಮಾಡಿದ್ದು ಗಿಡದ ಸ್ವಂತ ಮಾತನ್ನು ಅತಿಯಾಗಿ ನುಡಿದದ್ದಷ್ಟೇ.

ಗಿಡದ ಬೆಳವಣಿಗೆಯಲ್ಲಿ ಎರಡು ಕೆಲಸಗಳು ಸೇರಿವೆ. ಕುಡಿ ಮತ್ತು ಬೇರಿನ ತುದಿಗಳಲ್ಲಿ ಜೀವಕೋಶಗಳು ವಿಭಜನೆಗೊಂಡು ಹೆಚ್ಚುತ್ತವೆ. ತುದಿಯಿಂದ ತುಸು ಹಿಂದೆ ಅವು ನೀರು ಹೀರಿ, ಗೋಡೆ ಸಡಿಲಿಸಿಕೊಂಡು ಉದ್ದವಾಗುತ್ತವೆ. ಭತ್ತ, ಕಬ್ಬುಗಳಂಥ ಹುಲ್ಲಿನ ಜಾತಿಗಳಲ್ಲಿ ಪ್ರತಿ ಗೆಣ್ಣಿನ ಮೇಲೂ ಬೆಳೆಯುವ ವಲಯವಿರುವುದರಿಂದ ಕಾಂಡ ಅನೇಕ ಕಡೆ ಒಟ್ಟಿಗೆ ಉದ್ದವಾಗಬಲ್ಲದು. ಜಿಬ್ಬರೆಲಿನ್ ಎರಡೂ ಕೆಲಸಗಳನ್ನು ಚುರುಕುಗೊಳಿಸುತ್ತದೆ, ಅದೂ ಒಂದು ಸುತ್ತುಬಳಸಿನ ದಾರಿಯಲ್ಲಿ. ಜೀವಕೋಶದ ಕೇಂದ್ರದಲ್ಲಿ ‘ಡೆಲ್ಲಾ’ ಎಂಬ ಪ್ರೋಟೀನುಗಳು ಬೆಳವಣಿಗೆಯ ಜೀನುಗಳನ್ನು ತಡೆದು ಕೂತಿರುತ್ತವೆ. ಹಾರ್ಮೋನು ತನ್ನ ಗ್ರಾಹಕಕ್ಕೆ ಅಂಟಿಕೊಂಡಾಗ ಆ ಜೋಡಿ ಡೆಲ್ಲಾವನ್ನು ಹಿಡಿದುಕೊಳ್ಳುತ್ತದೆ, ಜೀವಕೋಶ ಅದನ್ನು ಒಡೆದುಹಾಕುತ್ತದೆ, ತಡೆ ತೆರವಾಗುತ್ತದೆ. ಭತ್ತದಲ್ಲಿ ಈ ಗ್ರಾಹಕವನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ಪತ್ತೆ ಮಾಡಿದರು. ಹಾಗಾಗಿ ಈ ಹಾರ್ಮೋನು ಗಿಡವನ್ನು ಮುಂದಕ್ಕೆ ತಳ್ಳುತ್ತದೆ ಎನ್ನುವುದಕ್ಕಿಂತ ಬ್ರೇಕು ಬಿಡಿಸುತ್ತದೆ ಎನ್ನುವುದೇ ಸರಿ.

ಏಕದಳ ಧಾನ್ಯದ ಬೀಜ ನೆನೆದಾಗ ಭ್ರೂಣದಿಂದ ಹೊರಟ ಜಿಬ್ಬರೆಲಿನ್ ಪಿಷ್ಟದ ಸುತ್ತಲಿನ ತೆಳುಪದರವನ್ನು ತಲುಪುತ್ತದೆ. ಆ ಪದರ ಅಮೈಲೇಸ್ ಕಿಣ್ವವನ್ನು ಸ್ರವಿಸಿ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಈ ಕ್ರಮ ಚೆನ್ನಾಗಿ ಅಧ್ಯಯನಗೊಂಡಿರುವುದು ಬಾರ್ಲಿಯಲ್ಲಿ. ಬಿಯರಿನ ಮಾಲ್ಟ್ ಉದ್ಯಮ ನಿಂತಿರುವುದೇ ಇದರ ಮೇಲೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಿಂದ ಮಾಡಿದ ಮಗುವಿನ ಅಂಬಲಿ ತೆಳ್ಳಗಾಗಿ ಸಿಹಿಯಾಗುವುದಕ್ಕೂ ಇಂಥ ಕಿಣ್ವಗಳೇ ಕಾರಣ. ಬೀಜ ಹೊತ್ತಿಗೆ ಮುಂಚೆ ಮೊಳೆಯದಂತೆ ಅಬ್ಸಿಸಿಕ್ ಆಮ್ಲ ಎದುರಾಳಿಯಾಗಿ ನಿಲ್ಲುತ್ತದೆ.

ಕೊರತೆಯ ಕಥೆ ಮೆಂಡೆಲ್‌ನಿಂದಲೇ ಆರಂಭವಾಗುತ್ತದೆ. ಆತ 1866ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಗಿಡ್ಡ ಬಟಾಣಿಯೂ ಇತ್ತು. ಅದರ ಗಿಡ್ಡತನಕ್ಕೆ ಕಾರಣ ಜಿಎ1 ತಯಾರಿಸುವ ಕೊನೆಯ ಹಂತದ ಕಿಣ್ವದಲ್ಲಿನ ದೋಷವೆಂದು 1997ರಲ್ಲಿ ತಿಳಿಯಿತು. ಹೊಲದಲ್ಲಿ ಇಂಥ ಕೊರತೆಯ ಫಲ ಇನ್ನೂ ದೊಡ್ಡದು. ಹಳೆಯ ಎತ್ತರದ ಭತ್ತಕ್ಕೆ ಗೊಬ್ಬರ ಹೆಚ್ಚಾದರೆ ತೆನೆಯ ಭಾರಕ್ಕೆ ಪೈರು ನೆಲಕ್ಕೊರಗುತ್ತಿತ್ತು. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಬಿಡುಗಡೆ ಮಾಡಿದ ಗಿಡ್ಡ ತಳಿ ಐಆರ್8 ಹಾಗೆ ಒರಗಲಿಲ್ಲ. ತಳಿವಿಜ್ಞಾನಿಗಳು ಆರಿಸಿದ್ದು ಗಿಡ್ಡತನವನ್ನು, ಹಾರ್ಮೋನನ್ನಲ್ಲ. ಅದರ ಹಿಂದಿದ್ದದ್ದು ಜಿಬ್ಬರೆಲಿನ್ ತಯಾರಿಸುವ ಒಂದು ಕೆಟ್ಟ ಜೀನು ಎಂಬುದು 2002ರಲ್ಲಿ ಗೊತ್ತಾಯಿತು. ಹಸಿರು ಕ್ರಾಂತಿಯ ಗೋಧಿಗೆ ಗಿಡ್ಡತನ ಬಂದದ್ದು ಜಪಾನಿನ ನೋರಿನ್ 10 ತಳಿಯಿಂದ. ಅಲ್ಲಿ ಹಾರ್ಮೋನಿಗೆ ಕೊರತೆಯಿಲ್ಲ. ಡೆಲ್ಲಾ ಪ್ರೋಟೀನೇ ಬದಲಾಗಿ ಹಾರ್ಮೋನಿಗೆ ಕಿವಿಗೊಡುವುದಿಲ್ಲ. ಇದಕ್ಕೊಂದು ಬೆಲೆಯೂ ಇದೆ: ಇಂಥ ಗೋಧಿಯ ಮೊಳಕೆಯ ಕವಚವೂ ಗಿಡ್ಡ, ಆಳವಾಗಿ ಬಿತ್ತಿದರೆ ಮಣ್ಣು ಸೀಳಿ ಬರಲು ಹೆಣಗುತ್ತದೆ.

ಮಾರಾಟಕ್ಕೆ ಬರುವ ಜಿಬ್ಬರೆಲಿಕ್ ಆಮ್ಲವನ್ನು (ಜಿಎ3) ಇಂದಿಗೂ ಅದೇ ಬಕಾನೆ ಶಿಲೀಂಧ್ರವನ್ನು ಹುದುಗಿಸಿ ತೆಗೆಯುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಅದು ‘ಜಿಎ’. ಬೀಜವುಳ್ಳ ದ್ರಾಕ್ಷಿಯಲ್ಲಿ ಕಾಯಿ ದಪ್ಪವಾಗಲು ಬೇಕಾದ ಹಾರ್ಮೋನನ್ನು ಬೀಜಗಳೇ ಒದಗಿಸುತ್ತವೆ. ಥಾಮ್ಸನ್ ಸೀಡ್‌ಲೆಸ್‌ಗೆ ಆ ಅನುಕೂಲವಿಲ್ಲ. ಆದ್ದರಿಂದ ಗೊಂಚಲಿಗೆ ಸಿಂಪಡಿಸುತ್ತಾರೆ ಅಥವಾ ಗೊಂಚಲನ್ನೇ ದ್ರಾವಣದಲ್ಲಿ ಅದ್ದುತ್ತಾರೆ. ಮಾವಿನ ತೋಟದಲ್ಲಿ ನಡೆಯುವುದು ತದ್ವಿರುದ್ಧ ಕೆಲಸ. ಬುಡದ ಸುತ್ತ ಹಾಕುವ ಪ್ಯಾಕ್ಲೊಬ್ಯುಟ್ರಜೋಲ್ ಮರದಲ್ಲಿ ಜಿಬ್ಬರೆಲಿನ್ ತಯಾರಿಕೆಯನ್ನು ತಡೆಯುತ್ತದೆ, ಚಿಗುರು ತಗ್ಗಿ ಹೂ ಬೇಗ ಬರುತ್ತದೆ. ಈ ರಾಸಾಯನಿಕ ಮಣ್ಣಿನಲ್ಲಿ ಬಹುಕಾಲ ಉಳಿಯುವುದರಿಂದ, ಪ್ರಮಾಣ ಮೀರಿ ವರ್ಷವರ್ಷವೂ ಹಾಕಿದ ತೋಟಗಳಲ್ಲಿ ಮರದ ಚಿಗುರುಗಳು ಗಿಡ್ಡಗೆ ಒತ್ತೊತ್ತಾಗಿ, ಹೂಗೊಂಚಲು ಮುದ್ದೆಯಾಗಿ ಬರುತ್ತವೆ.